ಎರ್ನಾ ಮಾರಿದ ಮುಪ್ಪು

ಎರ್ನಾ ಒಯಾರ್ಸೆ ಕುರ್ಚಿಯಲ್ಲಿ ಕೂತು ನೆಮ್ಮದಿಯಾಗಿ ಚಹಾ ಕುಡಿದದ್ದನ್ನು ಆ ಬೀದಿಯವರು ಯಾರೂ ಕಂಡಿರಲಿಲ್ಲ. ಒಲೆಯ ಪಕ್ಕ ನಿಂತೇ ಕುಡಿಯುವಳು. ನೀರು ಕುದಿಯುವಷ್ಟರಲ್ಲಿ ಎರಡು ಸಲ ಬಾಗಿಲಿಗೆ ಹೋಗಿ ಬಂದಿರುವಳು. "ಒಂದ್ ಗಳಿಗೆ ಕುಂಡಿ ಊರೇ, ನೆಲ ಏನೂ ಓಡಿಹೋಗಲ್ಲ" ಎಂದು ಗೆಳತಿ ಉಬೆರ್ಲಿಂದಾ ಗದರಿದರೆ ನಗುವಳು, ಊರುತ್ತಿರಲಿಲ್ಲ.

ಇಬ್ಬರೂ ರಾಜಧಾನಿ ಸಾಂತಿಯಾಗೋದ ದಕ್ಷಿಣ ಭಾಗದ ಒಂದು ಹತ್ತಿ ಗಿರಣಿಯಲ್ಲಿ ಅಕ್ಕಪಕ್ಕದ ನೂಲುವ ಯಂತ್ರಗಳಲ್ಲಿ ದುಡಿದವರು. ಕಡಿದ ಎಳೆಗೆ ಗಂಟು ಹಾಕುತ್ತ ಯಂತ್ರದ ಉದ್ದಕ್ಕೂ ನಡೆಯುತ್ತಲೇ ಇರಬೇಕಾದ ಕೆಲಸ. ಎರ್ನಾಳಿಗೆ ಹೇಳಿ ಮಾಡಿಸಿದಂಥದು. ಸೈನ್ಯ ಅಧಿಕಾರ ಹಿಡಿದ ಮೇಲೆ ಗಿರಣಿಯಲ್ಲಿ ಮೊದಲು ಹೋದದ್ದು ಯೂನಿಯನ್ನು. ಅದರ ಕಾರ್ಯದರ್ಶಿ ಒಂದು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಅವನ ಯಂತ್ರಕ್ಕೆ ಬೇರೆಯವನನ್ನು ಹಾಕಿದರು. ಆಮೇಲೆ ಹೋದದ್ದು ಆಮದು ಸುಂಕ. ಪರದೇಶದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞರು ಟಿವಿಯಲ್ಲಿ ಕೂತು, ಕಿಟಕಿ ತೆರೆದರೆ ತಾನೇ ಮನೆಯೊಳಗೆ ಗಾಳಿ ಬರುವುದು ಎಂದು ವಿವರಿಸಿದರು. ಬಂದದ್ದು ಅಂಗಿಗಳು. ತೈವಾನಿನ ಅಂಗಿ, ಕೊರಿಯಾದ ಅಂಗಿ, ಗಿರಣಿಯ ನೂಲಿಗಿಂತ ಅಗ್ಗ. ಎರ್ನಾ ತಾನೇ ಮಗಳು ಯಾಸ್ನಾಳಿಗೆ ಹಳದಿ ಹೂವಿನದೊಂದು ತಂದಳು. ಅಷ್ಟು ಚಂದದ್ದು ಅಷ್ಟು ಕಮ್ಮಿಗೆ ಸಿಗುವಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಆ ಚಳಿಗಾಲವೇ ಗಿರಣಿಯ ಅರ್ಧ ಯಂತ್ರಗಳಿಗೆ ಗೋಣಿತಾಟು ಹೊದಿಸಿದರು. ಉಬೆರ್ಲಿಂದಾಳ ಯಂತ್ರ ಉಳಿಯಿತು, ಎರ್ನಾಳದ್ದು ಉಳಿಯಲಿಲ್ಲ.

ಅವಳ ಗಂಡ ಕೆಲಸ ಹುಡುಕಿಕೊಂಡು ಪರ್ವತ ದಾಟಿ ಅರ್ಜೆಂಟೀನಾಕ್ಕೆ ಹೋದ. ಮೊದಮೊದಲು ದುಡ್ಡು ಬಂತು, ಆಮೇಲೆ ಬರೀ ಸುದ್ದಿ ಬಂತು, ಆಮೇಲೆ ಅದೂ ನಿಂತಿತು. ನಿರುದ್ಯೋಗಿಗಳಿಗೆಂದು ಸರ್ಕಾರ ಮಾಡಿದ್ದ ಕನಿಷ್ಠ ಕೂಲಿಯ ಯೋಜನೆಗೆ ಎರ್ನಾ ಸೇರಿಕೊಂಡಳು. ಪೊರಕೆ ಹಿಡಿದು ಚೌಕ ಗುಡಿಸಬೇಕು. ಗುಡಿಸಲು ಏನೂ ಉಳಿಯದ ದಿನ ಮೇಸ್ತ್ರಿ ಚೌಕದ ಈ ಅಂಚಿನ ಕಲ್ಲುಗಳನ್ನು ಆ ಅಂಚಿಗೆ ಒಟ್ಟಿಸುತ್ತಿದ್ದ, ಮರುವಾರ ಅಲ್ಲಿಂದ ಇಲ್ಲಿಗೆ. ಅವಳಿಗೆ ಕಲ್ಲಿನ ಭಾರ ಸಹಿಸಬಹುದಾಗಿತ್ತು. ಅದೇ ಕಲ್ಲು ಮತ್ತೆ ಕೈಗೆ ಬರುವುದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಯಾವುದಕ್ಕಾದರೂ ಸರಿ, ಇದರಿಂದ ಆಚೆ ಹೋಗಬೇಕು ಎನಿಸುತ್ತಿತ್ತು.

ಹಾಗೆ ಆಚೆ ಹೋಗಲು ಬಾಗಿಲು ತೆರೆದದ್ದು ಎಂಬತ್ತೊಂದರಲ್ಲಿ. ಅಲ್ಲಿಯ ತನಕ ದುಡಿಯುವವರ ಸಂಬಳದಿಂದ ಮುರಿದ ಪಾಲು ಒಂದೇ ಹುಂಡಿಗೆ ಬಿದ್ದು, ಅದರಿಂದ ವಯಸ್ಸಾದವರಿಗೆ ಪಿಂಚಣಿ ಹೋಗುತ್ತಿತ್ತು. ಇನ್ನು ಮುಂದೆ ಹಾಗಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಖಾತೆ, ಖಾಸಗಿ ಕಂಪನಿಗಳು ಅದನ್ನು ಬಂಡವಾಳಕ್ಕೆ ಹಾಕಿ ಬೆಳೆಸುತ್ತವೆ ಎಂದು ಹೊಸ ಕಾನೂನು ಬಂತು. ಕಂಪನಿಗಳಿಗೆ ಜನ ಬೇಕಾಗಿದ್ದರು. ಅಲ್ಬೊರಾದಾ ಎಂಬ ಕಂಪನಿಯವರು ಪೇಟೆಯ ಹೋಟೆಲೊಂದರಲ್ಲಿ ಸಭೆ ಕರೆದಾಗ ಎರ್ನಾ ತಂಗಿಯ ಬೂಟು ಹಾಕಿಕೊಂಡು ಹೋದಳು. ಬೂಟು ಬೆರಳು ಕಚ್ಚುತ್ತಿತ್ತು. ಅಲ್ಲಿ ಕೂದಲು ಗಾಳಿ ತುಂಬಿದಂತೆ ಬಾಚಿಕೊಂಡಿದ್ದ ಒಬ್ಬ ಹೆಂಗಸು, "ಇವತ್ತಿಂದ ನೀವು ಯಾರ ಕೂಲಿಯೋರೂ ಅಲ್ಲ. ನಿಮಗೆ ನೀವೇ ಯಜಮಾನಿಯರು" ಎಂದಳು. ಸಂಬಳವಿಲ್ಲ, ಸೇರಿಸಿದ ತಲೆಗೆ ಇಷ್ಟು ಎಂದು ಕಮಿಷನ್ನು. ಎರ್ನಾಳಿಗೆ ಕೇಳಿಸಿದ್ದು ಒಂದೇ ಮಾತು: ದಿನವಿಡೀ ನಡೆಯಬೇಕು. ಅದು ಅವಳಿಗೆ ಬರುತ್ತಿತ್ತು.

ಮೊದಲು ತನ್ನ ಹೆಸರನ್ನೇ ಬರೆಸಿದಳು. ಮಾರನೆಯ ದಿನವೇ ಹಳೆಯ ಗಿರಣಿಯ ಗೇಟಿನಲ್ಲಿ ನಿಂತಳು. ಮಾತು ಬಲ್ಲವಳು, ಎಲ್ಲರ ಮಕ್ಕಳ ಹೆಸರು ಬಲ್ಲವಳು. ಹೊಸದಕ್ಕೆ ಬದಲಾದವರ ಸಂಬಳದಿಂದ ಮುರಿಯುವ ಪಾಲು ಕಮ್ಮಿ. ಹಾಗಾಗಿ ಆ ತಿಂಗಳೇ ಕೈಗೆ ನಾಲ್ಕು ಕಾಸು ಹೆಚ್ಚು ಬರುತ್ತಿತ್ತು. ಇದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಬೇಕಿರಲಿಲ್ಲ.

ಉಬೆರ್ಲಿಂದಾಳ ಮನೆಗೆ ಸಂಜೆಯ ಚಹಾ ಬ್ರೆಡ್ಡಿನ ಹೊತ್ತಿಗೆ ಹೋದಳು. ಉಬೆರ್ಲಿಂದಾಳ ಗಂಡ ಎವಾರಿಸ್ತೋ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ, ಆಡಿದರೆ ಕುಟುಕು.

"ಭಾವ, ಹಳೇದು ಎಲ್ಲಾರ ಹುಂಡಿ. ನೀವು ಹಾಕಿದ್ದನ್ನ ಯಾರೋ ತಿಂತಾರೆ. ಇದು ನಿಮ್ಮದೇ ಪೆಟ್ಟಿಗೆ, ನಿಮ್ಮ ಹೆಸರು ಬರ್ದಿರುತ್ತೆ" ಎಂದಳು ಎರ್ನಾ.

"ಬೀಗದ ಕೈ?"

"ಕಂಪನಿ ಹತ್ರ ಇರುತ್ತೆ."

"ಹಂಗಾದ್ರೆ ಪೆಟ್ಟಿಗೆ ಮೇಲೆ ನನ್ ಹೆಸ್ರು, ಒಳಗೆ ಅವರ ಕೈ."

"ಅಯ್ಯೋ, ನಿಮ್ಮ ಹತ್ರ ಮಾತಾಡೋಕಾಗಲ್ಲ ಭಾವ. ಬೆಳೆಯುತ್ತೆ ಅದು. ನೀವು ನಿವೃತ್ತಿ ಆಗೋ ಹೊತ್ತಿಗೆ ಸಂಬಳ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ."

ಎವಾರಿಸ್ತೋ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ, ಉಪ್ಪು ಉದುರಿಸಿ, ನಿಧಾನವಾಗಿ ಕಚ್ಚಿದ. "ಸರಿ, ಒಂದು ಹೇಳಮ್ಮ. ಇಷ್ಟು ಚಂದದ್ದನ್ನ ತಂದೋರು ಯಾರು?"

"ಸರ್ಕಾರ."

"ಸರ್ಕಾರ ಅಂದ್ರೆ ಸೈನ್ಯ. ಸೈನ್ಯದೋರು ಇದಕ್ಕೆ ಸೇರಿದಾರಾ?"

ಎರ್ನಾ ಲೋಟ ಕೆಳಗಿಟ್ಟು ಮತ್ತೆ ಎತ್ತಿಕೊಂಡಳು.

"ಬಿಡ್ರೀ, ಅವಳೇನು ಕೋರ್ಟಿಗೆ ಬಂದಿದಾಳಾ?" ಎಂದು ಉಬೆರ್ಲಿಂದಾ ಕೈ ಒರೆಸಿಕೊಂಡು ಬಂದಳು. "ಮಕ್ಳ ಬೂಟು ಬಾಯಿ ಬಿಟ್ಟಿವೆ. ಈ ತಿಂಗಳೇ ನಾಲ್ಕು ಕಾಸು ಜಾಸ್ತಿ ಬಂದ್ರೆ ನನಗೇನು ಕಹಿಯಾ? ನೀನು ಹೇಳಿದ್ಮೇಲೆ ಮುಗೀತು ಕಣೇ ಎರ್ನಾ. ಎಲ್ಲಿ ಹಾಕ್ಲಿ ಸಹಿ?"

ಎವಾರಿಸ್ತೋ ಎದ್ದು ಹಿತ್ತಿಲಿಗೆ ಹೋಗಿ ಟೊಮೆಟೊ ಗಿಡಗಳಿಗೆ ನೀರು ಬಿಡತೊಡಗಿದ. ಅವನು ಸಹಿ ಹಾಕಲಿಲ್ಲ. ರೈಲ್ವೆಯವರ ಹಳೆಯ ಹುಂಡಿಯಲ್ಲೇ ಉಳಿದ.

ಆ ಭಾನುವಾರ ಎರ್ನಾ ಅದೇ ಪ್ರಶ್ನೆಯನ್ನು ತಂಗಿಯ ಗಂಡ ಒಸ್ವಾಲ್ದೋನಿಗೆ ಕೇಳಿದಳು. ಅವನು ಸೈನ್ಯದಲ್ಲಿ ಸಾರ್ಜೆಂಟ್. "ನಮಗೆ ಹಳೇದೇ ಇರ್ಲಿ ಅಂದಿದಾರೆ ಅತ್ತಿಗೆ" ಎಂದು ಅವನು ನಕ್ಕ. "ಅಡುಗೆ ಮಾಡಿದೋನು ತಾನೂ ತಿನ್ನಲೇಬೇಕು ಅಂತ ಎಲ್ಲಿದೆ?" ಎರ್ನಾ ಕೂಡ ನಕ್ಕಳು. ಬಸ್ಸಿನಲ್ಲಿ ಮನೆಗೆ ಬರುವಾಗ ಸೀಟು ಖಾಲಿಯಿದ್ದರೂ ದಾರಿಯುದ್ದಕ್ಕೂ ನಿಂತೇ ಇದ್ದಳು. ಸೋಮವಾರ ಬೆಳಿಗ್ಗೆ ಎಂದಿನಂತೆ ಇನ್ನೊಂದು ಬೀದಿಯ ಬಾಗಿಲು ತಟ್ಟಿದಳು.

ಮರುವರ್ಷ ಬ್ಯಾಂಕುಗಳು ಒಂದರ ಮೇಲೊಂದು ಕುಸಿದವು, ಗಿರಣಿ ಪೂರ್ತಿ ಮುಚ್ಚಿತು. ಉಬೆರ್ಲಿಂದಾ ಶ್ರೀಮಂತರ ಬಡಾವಣೆಯಲ್ಲಿ ಮನೆಗೆಲಸ ಹಿಡಿದಳು. ಅಲ್ಲಿ ಪಾಲು ಮುರಿಯುವವರೂ ಇಲ್ಲ, ಖಾತೆಗೆ ಕಟ್ಟುವವರೂ ಇಲ್ಲ. ಬೀದಿಯ ಹೆಂಗಸರು ದೊಡ್ಡ ಹಂಡೆಯಲ್ಲಿ ಎಲ್ಲರಿಗೂ ಸೇರಿ ಹುರುಳಿಕಾಯಿ ಬೀಜದ ಗಂಜಿ ಬೇಯಿಸಿದರು. ಸಂಜೆ ದೀಪ ಆರಿಸಿ, ಸರ್ಕಾರದ ವಿರುದ್ಧ ಪಾತ್ರೆ ಬಡಿದರು. ಎರ್ನಾ ಹಂಡೆಗೆ ಕುಂಬಳಕಾಯಿ ತಂದು ಹಾಕಿದಳು, ಪಾತ್ರೆಯನ್ನೂ ಬಡಿದಳು. ಬೆಳಗಾದರೆ ಬೂಟು ಹಾಕಿಕೊಂಡು ಖಾತೆ ಮಾರಲು ಹೊರಡುವಳು. ಎರಡಕ್ಕೂ ಅವೇ ಕಾಲುಗಳು. ಒಂದು ಇನ್ನೊಂದಕ್ಕೆ ಅಡ್ಡ ಎಂದು ಆಗ ಅವಳಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಯಾಸ್ನಾಳ ಶಾಲೆಯ ಶುಲ್ಕ ಕಾಯುತ್ತಿರಲಿಲ್ಲ.

ಸೈನ್ಯದ ಸರ್ಕಾರ ನಡೆಸುತ್ತಿದ್ದ ಜನರಲ್‌ನನ್ನು ಮತ ಹಾಕಿ ಇಳಿಸಿದ ರಾತ್ರಿ ಎರ್ನಾ ಮತ್ತು ಉಬೆರ್ಲಿಂದಾ ತಬ್ಬಿಕೊಂಡು ಬೀದಿಯಲ್ಲಿ ಕುಣಿದರು. ಇನ್ನು ಎಲ್ಲ ಬದಲಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಯಾರಾದರೂ ಬಂದು ಈ ಖಾತೆಗಳನ್ನೆಲ್ಲ ಹರಿದು ಹಾಕುತ್ತಾರೆ, ತನ್ನ ಕೆಲಸ ಹೋಗುತ್ತದೆ ಎಂದು ಎರ್ನಾ ಒಳಗೊಳಗೇ ಕಾದಳು. ಅರ್ಧ ಭಯ, ಅರ್ಧ ಆಸೆ. ಯಾರೂ ಬರಲಿಲ್ಲ. ಹೊಸ ಮಂತ್ರಿಗಳೂ ಬೆಳವಣಿಗೆಯ ಬಗ್ಗೆ ಹಳೆಯವರಂತೆಯೇ ಮಾತಾಡಿದರು, ದನಿ ಮಾತ್ರ ಮೆತ್ತಗಿತ್ತು. ವ್ಯಾಪಾರ ಇನ್ನೂ ಹುಚ್ಚೆದ್ದಿತು. ಬೀದಿಗೆ ಇಪ್ಪತ್ತು ಏಜೆಂಟರು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿಯುವುದು. ಕಂಪನಿ ಬದಲಿಸಿದವರಿಗೆ ಒಂದು ಜೊತೆ ಕ್ರೀಡಾ ಬೂಟು, ಇಲ್ಲವೇ ಹಂದಿಮಾಂಸದ ಇಡೀ ತೊಡೆ, ದೊಡ್ಡ ಸಂಬಳದ ಗಿರಾಕಿಯಾದರೆ ಸೈಕಲ್ಲು. ಎರ್ನಾ ಬಸ್ಸಿನಲ್ಲಿ ಸೈಕಲ್ಲು ಹೊತ್ತುಕೊಂಡು ಹೋಗಿ ಡ್ರೈವರನ ಬೈಗುಳ ತಿಂದದ್ದುಂಟು. ಬೇಕರಿಯವನೊಬ್ಬ ಒಂದೇ ವರ್ಷದಲ್ಲಿ ಎರ್ನಾಳಿಂದ ಬೇರೆ ಕಂಪನಿಗೆ, ಅಲ್ಲಿಂದ ಮತ್ತೆ ಎರ್ನಾಳ ಕಡೆಗೆ ಎಂದು ಜಿಗಿದು ಮನೆಮಂದಿಗೆಲ್ಲ ಬೂಟು ಮಾಡಿಕೊಂಡ. "ನನ್ನತ್ತೆ ಕಾಲಿನ ಅಳತೆ ಮೂವತ್ತೇಳು ಕಣಕ್ಕ, ಮರೀಬೇಡಿ" ಎಂದು ಬೀದಿಯಲ್ಲೇ ಕೂಗುತ್ತಿದ್ದ. ಅವನು ಮುಪ್ಪಿಗೆ ಏನು ಕೂಡಿಟ್ಟಿದ್ದಾನೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಜಾತ್ರೆಯೂ ಮುಗಿಯಿತು. ಬಾರಿಬಾರಿಗೆ ಕಂಪನಿ ಬದಲಿಸಕೂಡದು ಎಂಬ ನಿಯಮ ಬಂದು ಏಜೆಂಟರನ್ನು ಗುಂಪುಗುಂಪಾಗಿ ಮನೆಗೆ ಕಳಿಸಿದರು. ಎರ್ನಾ ಆಮೇಲೆ ಮಾರದ ವಸ್ತುವಿಲ್ಲ: ಸುಗಂಧ ದ್ರವ್ಯ, ಮೊಬೈಲು ಕಾರ್ಡು, ಸಮಾಧಿ ಜಾಗ. ಸಮಾಧಿ ಚೆನ್ನಾಗಿ ಹೋಗುತ್ತಿತ್ತು.

ಉಬೆರ್ಲಿಂದಾಳಿಗೆ ಅರವತ್ತು ತುಂಬಿ ಪಿಂಚಣಿ ನಿಗದಿಯಾದದ್ದು ಎರ್ನಾಳಿಗೆ ಗೊತ್ತಾದದ್ದು ಭಾನುವಾರದ ಬೀದಿ ಸಂತೆಯಲ್ಲಿ. ಕಡಲಪಾಚಿ ಮಾರುವವನ ಮುಂದೆ ನಿಂತು ಉಬೆರ್ಲಿಂದಾ ಚೀಲ ಸರಿಮಾಡಿಕೊಳ್ಳುತ್ತಿದ್ದಳು. ಎರ್ನಾ ಎಂದಿನಂತೆ ಹಿಂದಿನಿಂದ ಬಂದು ಸೊಂಟ ಚಿವುಟಿದಳು. ಉಬೆರ್ಲಿಂದಾ ತಿರುಗಲಿಲ್ಲ. ಅಂಗಡಿಯವನಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು:

"ನೋಡಪ್ಪಾ, ನಿನ್ ಹತ್ರ ಸರಕು ಕೆಟ್ಟಿದ್ರೆ ನಾಳೇನೇ ನಾತ ಹೊಡೆಯುತ್ತೆ, ನಿನ್ ಮುಖಕ್ಕೆ ಎಸೀಬೋದು. ಈ ಯಮ್ಮ ಮಾರಿದ ಸರಕು ನಾತ ಹೊಡೆಯೋಕೆ ಇಪ್ಪತ್ತೆಂಟು ವರ್ಷ ಬೇಕಾಯ್ತು."

"ಲಿಂದಾ, ಏನಾಯ್ತೇ?"

"ಏನಾಯ್ತಾ? ಸಂಬಳದಷ್ಟೇ ಬರುತ್ತೆ ಅಂದ್ಯಲ್ಲ? ಬಂದಿದ್ರಲ್ಲಿ ಗ್ಯಾಸ್ ಸಿಲಿಂಡರ್ ತರ್ಬೇಕೋ ಬ್ರೆಡ್ ತರ್ಬೇಕೋ ಹೇಳು. ಇನ್ನೊಂದು ಮುಪ್ಪು ಇದ್ರೆ ಮಾರೇ, ಇದು ಸರಿ ಹೋಗ್ಲಿಲ್ಲ. ಬೂಟು ಏನಾದ್ರೂ ಕೊಡ್ತೀಯಾ ಜೊತೆಗೆ?"

ಸಂತೆಯವರು ನಕ್ಕರು. ನಕ್ಕವರಲ್ಲಿ ಅವಳಿಗೆ ಸಹಿ ಹಾಕಿಕೊಟ್ಟವರೂ ಇದ್ದರು. ಎರ್ನಾ ಕೊಂಡ ಈರುಳ್ಳಿಯನ್ನು ಅಲ್ಲೇ ಮರೆತು ಬಂದಳು. ಆಮೇಲೆ ಆ ಸಂತೆಗೆ ಹೋಗಲಿಲ್ಲ. ಎರಡು ಬಡಾವಣೆ ದಾಟಿ ಬೇರೆ ಸಂತೆಗೆ ಹೋದಳು, ಅಲ್ಲೂ ಗುರುತಿನ ಮುಖ ಕಂಡರೆ ಇನ್ನೂ ಆಚೆಗೆ.

ಮರುವರ್ಷ ಅವಳ ಸರದಿ. ಕಂಪನಿಯ ಕಚೇರಿಗೆ ಗಾಜಿನ ಬಾಗಿಲು, ಒಳಗೆ ತಣ್ಣಗೆ. ಹೆಸರೂ ಬದಲಾಗಿತ್ತು, ಅಲ್ಬೊರಾದಾವನ್ನು ಯಾರೋ ಕೊಂಡು, ಅವರನ್ನು ಇನ್ಯಾರೋ ಕೊಂಡಿದ್ದರು. ಮೇಜಿನಾಚೆಯ ನಡುವಯಸ್ಸಿನ ಅಧಿಕಾರಿಣಿ ಮುಖದಲ್ಲಿ ಮರುಕವಿಟ್ಟುಕೊಂಡೇ ಮಾತಾಡಿದಳು. ಕಮಿಷನ್ನಿನ ವರ್ಷಗಳಲ್ಲಿ ಎರ್ನಾಳ ಖಾತೆಗೆ ಯಾರೂ ಏನೂ ಕಟ್ಟಿರಲಿಲ್ಲ. ನಿಮಗೆ ನೀವೇ ಯಜಮಾನಿ, ನೀವೇ ಕಟ್ಟಿಕೊಳ್ಳಬೇಕಿತ್ತು ಎಂಬುದು ಲೆಕ್ಕ. ಇದ್ದಷ್ಟನ್ನು ಮುಂದಿನ ಆಯುಷ್ಯಕ್ಕೆಲ್ಲ ಹಂಚಬೇಕು.

"ಎಷ್ಟು ವರ್ಷಕ್ಕೆ ಹಂಚ್ತೀರಿ ಮೇಡಂ?"

"ನಮ್ಮ ಕೋಷ್ಟಕ ನೂರಾಹತ್ತರ ತನಕ ಹೋಗುತ್ತೆ."

"ನೂರಾಹತ್ತು!" ಎರ್ನಾ ಎದ್ದು ನಿಂತಳು. "ನಮ್ಮವ್ವ ಐವತ್ತೆಂಟಕ್ಕೆ ಹೋದ್ಲು. ನಮ್ಮ ಗಿರಣಿಯೋರು ಎಪ್ಪತ್ತು ನೋಡಿದ್ರೆ ಹೆಚ್ಚು, ಎದೆ ತುಂಬಾ ಹತ್ತಿ ಧೂಳು. ನೂರಾಹತ್ತು ಬದುಕಿದೋರು ಯಾರಾದ್ರೂ ನಿಮಗೆ ಗೊತ್ತಾ?"

"ಹೆಂಗಸರು ಜಾಸ್ತಿ ಬದುಕ್ತಾರೆ ಅಮ್ಮ. ಅದಕ್ಕೇ ತಿಂಗಳಿಗೆ ಕಮ್ಮಿ."

"ಗಟ್ಟಿಯಾಗಿರೋದೇ ತಪ್ಪು ಅನ್ನಿ."

"ಕೂತ್ಕೊಳ್ಳಿ ಅಮ್ಮ, ದಯವಿಟ್ಟು."

ಎರ್ನಾ ಕೂರಲಿಲ್ಲ, ನಿಂತೇ ಸಹಿ ಹಾಕಿದಳು. ಕಚೇರಿಯಿಂದ ಮನೆಯ ತನಕ ಬಸ್ಸು ಹತ್ತದೆ ನಡೆದಳು. ಅವಳಿಗೆ ತನ್ನ ಪಿಂಚಣಿಗಿಂತ ಹೆಚ್ಚಾಗಿ ಕಣ್ಣಿಗೆ ಕಟ್ಟಿದ್ದು ತಾನು ತಟ್ಟಿದ ಬಾಗಿಲುಗಳು. ಆಸ್ಪತ್ರೆಯ ದಾದಿಯರು, ಚಮ್ಮಾರರು, ಬೇಕರಿಯವನು. ಯಾವ ಬೀದಿ ಹಿಡಿದರೂ ಒಂದು ಬಾಗಿಲು ಗುರುತು ಹತ್ತುತ್ತಿತ್ತು. ಹಾಗಾಗಿ ಬೀದಿ ಬದಲಿಸುತ್ತ, ಸುತ್ತುತ್ತ, ಕತ್ತಲಾದ ಮೇಲೆ ಮನೆ ಸೇರಿದಳು. ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾಷಿಯರಾಗಿದ್ದ ಯಾಸ್ನಾ ಗಾಬರಿಯಾಗಿ ಬಾಗಿಲಲ್ಲೇ ನಿಂತಿದ್ದಳು.

ಕೆಲವು ತಿಂಗಳು ಕಳೆದು ಒಂದು ಮಧ್ಯಾಹ್ನ ಎವಾರಿಸ್ತೋ ಅವಳ ಬಾಗಿಲಿಗೆ ಬಂದ. ಶ್ವಾಸಕೋಶ ಕೆಟ್ಟಿತ್ತು, ನಾಲ್ಕು ಮನೆ ದಾಟಲು ಎರಡು ಕಡೆ ನಿಂತು ಉಸಿರು ಎಳೆದುಕೊಂಡಿದ್ದ.

"ಬಾರಮ್ಮ ಚಹಾಕ್ಕೆ. ಅವಳು ಕೂಗಾಡ್ತಾಳೆ, ಕೂಗಾಡ್ಲಿ. ನೀನು ಬರದೇ ಅವಳಿಗೆ ಬೈಯೋಕೆ ನಾನೊಬ್ನೇ ಸಿಕ್ಕೋದು."

"ನಾನ್ಯಾವ ಮುಖ ಇಟ್ಕೊಂಡು ಬರ್ಲಿ ಭಾವ? ನೀವು ಅವತ್ತೇ ಕೇಳಿದ್ರಿ."

"ನಾನೇನು ಜಾಣ ಅಂತ ಕೇಳ್ಲಿಲ್ಲ. ಅವರ ಮೇಲೆ ಸಿಟ್ಟಿತ್ತು, ಅದಕ್ಕೆ ಕೇಳ್ದೆ. ಅವರು ಬಂಗಾರ ಕೊಟ್ಟಿದ್ರೂ ಬೇಡ ಅಂತಿದ್ದೆ. ನೀನು ನಂಬಿದ್ಯಾ ಅದನ್ನ?"

"ನಂಬಿದ್ದೆ. ಕಲ್ಲು ಹೊರೋದ್ರಿಂದ ಯಾರಾದ್ರೂ ಬಿಡಿಸಿದ್ರೆ ಅವರು ಹೇಳಿದ್ದೆಲ್ಲ ನಿಜ ಅನ್ಸುತ್ತೆ ಭಾವ."

ಅವಳು ಹೋದಳು. ಉಬೆರ್ಲಿಂದಾ ಅವಳ ಮುಂದೆ ಲೋಟವನ್ನು ಕುಕ್ಕಿದಳು, ಸಕ್ಕರೆ ಹಾಕಲಿಲ್ಲ. ಸಂಜೆಯಿಡೀ ಗಂಡನಿಗೆ ಹೇಳುವಂತೆ ಮಾತಾಡಿದಳೇ ಹೊರತು ಎರ್ನಾಳ ಕಡೆ ನೋಡಲಿಲ್ಲ. ಆದರೆ ಹೊರಡುವಾಗ ಬಾಗಿಲಲ್ಲಿ, "ಈರುಳ್ಳಿ ಅವತ್ತು ಅಲ್ಲೇ ಬಿಟ್ಟು ಹೋದೆ. ನಾನೇ ತಂದೆ. ಕೊಳೀತು" ಎಂದಳು.

ಎವಾರಿಸ್ತೋ ಮರುವರ್ಷ ತೀರಿಕೊಂಡ. ರೈಲ್ವೆಯ ಹಳೆಯ ಹುಂಡಿಯಿಂದ ಉಬೆರ್ಲಿಂದಾಳಿಗೆ ವಿಧವಾ ಪಿಂಚಣಿ ಬರತೊಡಗಿತು. ಅವಳ ಸ್ವಂತದ್ದಕ್ಕಿಂತ ಅದೇ ಹೆಚ್ಚು. "ಬದುಕಿದ್ದಾಗ ಒಂದು ದಿನ ನನ್ ಮಾತು ಕೇಳ್ಲಿಲ್ಲ ಮುಂಡೇದು" ಎಂದು ಅವಳು ಹೆಣದ ಮುಂದೆ ಅತ್ತಳು. ಅದೇ ಮಾತನ್ನು ಮುಂದೆ ಪ್ರತಿ ತಿಂಗಳು ಹಣ ಬಂದ ದಿನ ನಗುತ್ತಲೋ ಅಳುತ್ತಲೋ ಹೇಳುತ್ತಿದ್ದಳು.

ಮುಂದೆ ಕೆಲವು ವರ್ಷಕ್ಕೆ ಈ ಪಿಂಚಣಿ ಕಂಪನಿಗಳೇ ಬೇಡವೆಂದು ಊರಿಗೂರೇ ಬೀದಿಗಿಳಿಯಿತು. ಭಾನುವಾರದ ಮೆರವಣಿಗೆಗೆ ಉಬೆರ್ಲಿಂದಾ ಹೊರಟಾಗ ಎರ್ನಾ ಒಲ್ಲೆನೆಂದಳು. "ಗುರುತು ಹಿಡಿದೋರು ಉಗೀತಾರೆ." "ಉಗುದ್ರೆ ಒರೆಸ್ಕೊ, ನಡಿ." ನಡೆದಳು. ಮುಖ್ಯ ರಸ್ತೆಯ ತುಂಬ ಮುದುಕರು, ಗಾಲಿಕುರ್ಚಿಗಳು, ಮೊಮ್ಮಕ್ಕಳನ್ನು ಹೆಗಲೇರಿಸಿಕೊಂಡವರು. ಆಸ್ಪತ್ರೆಯ ಹಳೆಯ ದಾದಿಯೊಬ್ಬಳು ಅವಳ ಗುರುತು ಹಿಡಿದು ಹತ್ತಿರ ಬಂದಳು. ಎರ್ನಾ ಮುಖ ಒಡ್ಡಿ ನಿಂತಳು. "ನೀವು ನನಗೆ ಹಂದಿ ತೊಡೆ ಕೊಟ್ಟಿದ್ರಿ" ಎಂದಳು ಆ ದಾದಿ. "ಆ ಕ್ರಿಸ್‌ಮಸ್ ಚೆನ್ನಾಗಿತ್ತು." ಅಷ್ಟು ಹೇಳಿ ಮುಂದೆ ಹೋದಳು. ಅವಳು ಬೈದಿದ್ದರೆ ಎರ್ನಾ ಅಂದು ನಿದ್ದೆ ಮಾಡುತ್ತಿದ್ದಳೇನೋ. ಮಾಡಲಿಲ್ಲ.

ಆಮೇಲೆ ದೊಡ್ಡ ದಂಗೆಯಾಯಿತು, ಅದರ ಹಿಂದೆಯೇ ಸೋಂಕು ಬಂತು. ಊರಿಗೆ ಬೀಗ ಬಿತ್ತು, ಬೀದಿಯ ಹಂಡೆ ಮತ್ತೆ ಒಲೆಯೇರಿತು. ಜನ ಹಸಿದಿದ್ದನ್ನು ಕಂಡು ಸಂಸತ್ತು, ಅವರವರ ಖಾತೆಯಿಂದ ಅವರವರು ಹಣ ತೆಗೆದುಕೊಳ್ಳಬಹುದು ಎಂದಿತು. ಚಿಲ್ಲರೆ ಉಳಿದವರು ಪೂರ್ತಿ ಬಳಿದುಕೊಳ್ಳಬಹುದು. ಎರ್ನಾಳ ಖಾತೆ ಚಿಲ್ಲರೆಯದೇ.

"ತೆಗೀಬೇಡಮ್ಮ, ಮುಂದಕ್ಕೆ ಬೇಕಾಗುತ್ತೆ" ಎಂದಳು ಯಾಸ್ನಾ.

"ಮುಂದಕ್ಕೆ ಅಂತ ನಾನು ಊರಿಗೆಲ್ಲ ಹೇಳಿದೀನಿ ಕಣೇ. ನನಗೇ ಹೇಳ್ಕೋಬೇಡ."

ಎಲ್ಲ ತೆಗೆದಳು. ಸರ್ಕಾರ ಬಡ ಮುದುಕರಿಗೆ ಕೊಡುವ ಪುಡಿ ಭತ್ಯೆಯೊಂದು ಉಳಿಯಿತು. ಬಂದ ಹಣದಲ್ಲಿ ಗ್ಯಾಸ್ ಒಲೆ, ಬಾಣಲೆ ಕೂರಿಸಿದ ಹಳೆಯ ತಳ್ಳುಗಾಡಿಯೊಂದನ್ನು ಕೊಂಡಳು. ಬೀಗ ಸಡಿಲಾದ ಮೇಲೆ ಮೆಟ್ರೋ ನಿಲ್ದಾಣದ ಮುಂದೆ ಕುಂಬಳಕಾಯಿ ಬೆರೆಸಿದ ಕರಿದ ರೊಟ್ಟಿ ಮಾರುವುದು ಎಂದು ನಿಶ್ಚಯಿಸಿದಳು. ಎಪ್ಪತ್ತು ದಾಟುತ್ತಿತ್ತು. ಉಬೆರ್ಲಿಂದಾ, "ಹುಚ್ಚು ಹಿಡಿದಿದೆ ಇವಳಿಗೆ" ಎಂದು ಬೀದಿಗೆಲ್ಲ ಸಾರಿ, ವ್ಯಾಪಾರ ಶುರುವಾದ ಬೆಳಿಗ್ಗೆ ತಾನೇ ಹಿಟ್ಟು ನಾದಿಕೊಂಡು ಬಂದು ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು.

ಮೊದಲ ಬಾಣಲೆ ಖಾಲಿಯಾಗುವ ಮುಂಚೆಯೇ ನಗರಸಭೆಯ ಇನ್ಸ್‌ಪೆಕ್ಟರ್ ಬಂದ. "ಪರವಾನಗಿ ಎಲ್ಲಿ ಅಜ್ಜಿ?"

"ಪರವಾನಗಿಯಾ?" ಉಬೆರ್ಲಿಂದಾ ಸ್ಟೂಲಿನಿಂದ ಎದ್ದಳು. "ಇವಳು ತನಗೆ ತಾನೇ ಯಜಮಾನಿ ಅಂತ ಎಂಬತ್ತೊಂದರಲ್ಲೇ ಬರ್ಕೊಟ್ಟಿದಾರೆ. ನಿಮ್ಮಪ್ಪ ಹುಟ್ಟಿದ್ನಾ ಆಗ?"

"ಗಾಡಿ ಜಪ್ತಿ ಮಾಡ್ಬೇಕಾಗುತ್ತೆ ಅಜ್ಜಿ, ಸುಮ್ನೆ ಮಾತು ಬೇಡ."

"ಮಾಡಪ್ಪ, ಮಾಡು. ಎಣ್ಣೆ ಕಾದಿದೆ, ಎರಡೂ ಕೈಲಿ ಹಿಡ್ಕೊಂಡು ಹೋಗು. ಲೇ ಎರ್ನಾ, ಕೊಡೇ ಇವನಿಗೆ!"

ತಿರುಗಿ ನೋಡಿದರೆ ಎರ್ನಾ ಅಲ್ಲಿರಲಿಲ್ಲ. ಒಲೆ ಆರಿಸಿ, ಎಣ್ಣೆ ತುಳುಕದಂತೆ ಗಾಡಿಯನ್ನು ತಳ್ಳುತ್ತ ಆಗಲೇ ಮುಂದಿನ ಮೂಲೆ ದಾಟುತ್ತಿದ್ದಳು. "ಬಾರೇ, ಸ್ಟೂಲು ತಗೊಂಡು ಬಾ!" ಎಂದು ಅಲ್ಲಿಂದಲೇ ಕೂಗಿದಳು.